ಕಾಕುನ ‘ರೀ!’

ಇವತ್ತು ಡೊಂಬಿವಲಿ ಸ್ಟೇಷನ್ನಿನಲ್ಲಿ ಯಾರೋ ಹೆಂಗಸು ಗಂಡನನ್ನು “ರೀ!” ಎಂದು ಕೂಗಿದಳು. ನನ್ನ ಪಕ್ಕದಲ್ಲಿದ್ದ ಕಾಕಾನ ಬಲಗೈ ಚಂಗನೆ ಮೇಲೆದ್ದಿತು.

ನಾನು ಚಿಕ್ಕವಳಿದ್ದಾಗ ಕಾಕಾ-ಕಾಕು, ಅಂದರೆ ನನ್ನ ಚಿಕ್ಕಪ್ಪ-ಚಿಕ್ಕಮ್ಮ, ಬ್ಯಾಡ್ಮಿಂಟನ್ ಮಿಕ್ಸೆಡ್ ಡಬಲ್ಸ್ ಚಾಂಪಿಯನ್ನರು. ಗಂಡನ ಹೆಸರು ಹಿಡಿದು ಕರೆಯದ ಕಾಕು, ಶಟಲನ್ನು ಅವನಿಗೆ ಬಿಡುವಾಗಲೆಲ್ಲ “ರೀ!” ಎನ್ನುತ್ತಿದ್ದಳು. ಒಂದು ಸಲ ಥಾಣೆ ಊರಿನ ಫೈನಲ್‌ನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಂಚು ಹತ್ತಿ ಇಳಿದು, ಮತ್ತೆ ಹತ್ತಿದೆ. ಕೊನೆಯ ಪಾಯಿಂಟಿನಲ್ಲಿ ಅವ್ವ ಅಪ್ಪನನ್ನು ಕೂಗಿದಳು: “ರೀ! ಈಕೀನ್ನ ಹಿಡೀರಿ, ಬೀಳ್ತಾಳ!”

ಕಾಕು ಹೊಡೆಯಬೇಕಿದ್ದ ಶಟಲಿಗೆ ಕಾಕಾ ನುಗ್ಗಿದ. ರ‍್ಯಾಕೆಟ್‌ಗಳು ಬಡಿದುಕೊಂಡವು. ಕಪ್ ಹೋಯಿತು.

ಕಾಕು ನನಗೆ ಬೈಯಲಿಲ್ಲ. ಕಾಕಾನಿಗೇ ಕೇಳಿದಳು: “ನನ್ನ ದನಿ ಗೊತ್ತಾಗೂದಿಲ್ಲೇನ್ರಿ ನಿಮಗ?”

ಕಾಕು ತೀರಿಕೊಂಡು ಮೂರು ವರ್ಷ. ಸ್ಟೇಷನ್ನಿನಲ್ಲಿ ಕಾಕಾ ಮೆಲ್ಲಗೆ ಕೈ ಇಳಿಸಿದ.

“ಗೊತ್ತಾತು,” ಎಂದ. “ಆಕಿ ದನಿ ಅಲ್ಲ.”