ಬೆನ್ನ ಮೇಲೆ ಶಿಷ್ಯನ ಕಾಲು

ನನ್ನ ಬಲ ಹೆಗಲೆಲುಬಿನ ಕೆಳಗೆ ಒಂದು ಗಂಟು ಇತ್ತು. ಅಡಿಕೆಯಷ್ಟು ದಪ್ಪ, ಅಡಿಕೆಯಷ್ಟೇ ಗಟ್ಟಿ. ಅದು ಹೇಗೆ ಬಂತೆಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳುತ್ತಿದ್ದೆ. ಹೆಂಡತಿಗೆ, ಗ್ಯಾಸ್ ಸಿಲಿಂಡರ್ ಎತ್ತಿದ್ದು. ಸಹೋದ್ಯೋಗಿಗಳಿಗೆ, ರಾಶಿ ರಾಶಿ ಉತ್ತರಪತ್ರಿಕೆ ತಿದ್ದಿದ್ದು. ಬಸ್ಸಿನಲ್ಲಿ ಸಿಕ್ಕಿದವರಿಗೆ, ಬಸ್ಸಿನ ಕಂಬಿಗೆ ನೇತಾಡಿದ್ದು. ಮೂರೂ ನಡೆದದ್ದೇ. ಆದರೆ ನನ್ನ ನೆನಪು, ಕೇಳುವವರ ಮುಖ ನೋಡಿ ಬಾಯಿ ತೆರೆಯುವ ಪ್ರಾಣಿ. ಅದರ ಮೇಲೆ ನನಗೆ ಪ್ರೀತಿ ಉಂಟು, ನಂಬಿಕೆ ಇಲ್ಲ.

ನಿಜವಾದ ಸಂಕಟ ಬೇರೆ. ಬಲಗೈ ಕಿವಿಯಿಂದ ಮೇಲೆ ಹೋಗುತ್ತಿರಲಿಲ್ಲ. ಕಾಸರಗೋಡಿನ ಬಾಯಾರು ಎಂಬ ಊರಿನ ಕಡೆಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾದ ನನಗೆ ಕರಿಹಲಗೆಯ ಮೇಲಿನರ್ಧ ಪರದೇಶವಾಯಿತು. ಕೆಳಗಿನರ್ಧದಲ್ಲಿ ಬರೆದರೆ ನಡುವಿನ ಮಕ್ಕಳು ಎದ್ದು ನಿಲ್ಲುತ್ತಿದ್ದರು, ಹಿಂದಿನವರು ಬೆಂಚು ಹತ್ತುತ್ತಿದ್ದರು. ಓಣದ ರಜೆ ಮುಗಿಯುವುದರೊಳಗೆ ಕೈ ಏಳದಿದ್ದರೆ ಕ್ಲಾಸು ಬಿಟ್ಟು ಆಫೀಸಿನ ಕಡತ ನೋಡಿಕೊಳ್ಳಿ ಎಂದು ಹೆಡ್ಮಾಷ್ಟ್ರು ಮೆತ್ತಗೆ ಹೇಳಿದ್ದರು. ಆ ಮೆತ್ತನೆಯೇ ಹೆಚ್ಚು ನೋಯಿಸಿತು.

ಕುಂಬಳೆಯಲ್ಲಿ ಅಶ್ರಫ್ ಎಂಬ ಗುರುಕ್ಕಳು ಕಳರಿಯ ಕಾಳಗವಿದ್ಯೆ ಕಲಿಸುತ್ತಾರೆ, ಕಳರಿಯವರ ಕ್ರಮದಲ್ಲಿ ಎಣ್ಣೆ ತಿಕ್ಕಿ ಗಂಟು ಬಿಡಿಸುತ್ತಾರೆ ಎಂದು ಕೇಳಿ ಹೋದೆ. ನನ್ನನ್ನು ಕಂಡದ್ದೇ ಅವರು ಎದ್ದು, ಮಡಚಿ ಕಟ್ಟಿದ ಲುಂಗಿಯನ್ನು ಮರ್ಯಾದೆಗೆ ಕೆಳಗಿಳಿಸಿದರು.

"ಮಾಷ್ಟ್ರೇ, ಗುರ್ತ ಸಿಕ್ಕಲಿಲ್ವಾ? ಏಳನೇ ಕ್ಲಾಸಲ್ಲಿ ನೀವಲ್ವಾ ನನಗೆ? ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ತೋಡು ದಾಟಿಸಿ ಮನೆಗೆ ಬಿಟ್ಟದ್ದು?"

ತೋಡಿನ ನೀರು ನೆನಪಿತ್ತು, ಹೊತ್ತದ್ದು ನೆನಪಿರಲಿಲ್ಲ. ಆ ಕಾಲದಲ್ಲಿ ನಮ್ಮಲ್ಲಿ ಕಟ್ಟುಮಸ್ತಾದ ಡ್ರಿಲ್ ಮಾಷ್ಟ್ರೊಬ್ಬರಿದ್ದರು. ಹೊತ್ತವರು ಅವರೇ ಇರಬೇಕು. ಆದರೆ ಮನೆಬಾಗಿಲಿಗೆ ಬಂದ ಪುಣ್ಯವನ್ನು ಬೇಡವೆನ್ನುವುದು ಹೇಗೆ? "ಹೌದು, ಆಗಲೇ ಭಾರ ಇದ್ದಿ ಮಾರಾಯ" ಎಂದುಬಿಟ್ಟೆ. ಮುಂದಿನ ಪಾಡಿಗೆಲ್ಲ ಆ ಒಂದು ವಾಕ್ಯವೇ ಕಾರಣ.

ಆರು ದಿನ ಅಶ್ರಫ್ ಕೈಯಲ್ಲಿ ತಿಕ್ಕಿದ. ಬಿಸಿ ಎಣ್ಣೆ, ಹೆಬ್ಬೆರಳು, ಮೊಣಕೈ. ಉಳಿದ ಮೈಯೆಲ್ಲ ಬೆಣ್ಣೆಯಾಯಿತು; ಗಂಟು ಅಲ್ಲೇ ಕೂತು ನಮ್ಮಿಬ್ಬರನ್ನೂ ನೋಡಿತು. ಏಳನೆಯ ದಿನ ಅವನು ಕೈ ಒರಸಿಕೊಂಡ.

"ಇದು ಕೈಗೆ ಬಗ್ಗುವ ಜಾತಿ ಅಲ್ಲ ಮಾಷ್ಟ್ರೇ. ಕಾಲೇ ಬೇಕು."

ಮಾಡಿನ ತೊಲೆಯಿಂದ ಒಂದು ಹಗ್ಗ ಇಳಿಬಿದ್ದಿತ್ತು. ಅದನ್ನು ಹಿಡಿದು, ಮೈಭಾರವನ್ನು ಬೇಕಾದಷ್ಟೇ ಬಿಟ್ಟು, ಅಂಗಾಲಿನಿಂದ ಬೆನ್ನನ್ನು ಒತ್ತುವುದು.

"ಮತ್ತೆಂತ, ಹತ್ತು" ಎಂದೆ.

"ಎಂತ ಹೇಳ್ತೀರಿ! ಕಲಿಸಿದವರ ಮೈಗೆ ಕಾಲು ತಾಗಿಸುವುದಾ? ಉಮ್ಮನಿಗೆ ಗೊತ್ತಾದ್ರೆ ಮನೆಯೊಳಗೆ ಸೇರಿಸ್ಲಿಕ್ಕಿಲ್ಲ."

ಈಗ ಸತ್ಯ ಹೇಳಿದರೆ ಪಾರಾದೇನು ಎನಿಸಿತು. "ಅಶ್ರಫ್, ನಿನ್ನನ್ನು ಹೊತ್ತದ್ದು ನಾನಲ್ಲ. ಡ್ರಿಲ್ ಮಾಷ್ಟ್ರು ಇರಬೇಕು. ಕಲಿಸಿದ್ದೂ ಯಾರೋ, ನನಗೆ ಸರಿಯಾಗಿ ನೆನಪಿಲ್ಲ."

ಅವನ ಕಣ್ಣು ತುಂಬಿತು. "ಮಾಡಿದ ಉಪಕಾರವನ್ನು ನೆನಪೇ ಇಟ್ಟುಕೊಳ್ಳದವರು ನೀವು. ನಿಮ್ಮ ಮೇಲೆ ನಾನು ಹತ್ತುವುದಾ?"

ಹೀಗೆ ಸುಳ್ಳು ನನ್ನನ್ನು ಒಳ್ಳೆಯವನನ್ನಾಗಿ ಮಾಡಿತ್ತು, ಸತ್ಯ ಮಹಾತ್ಮನನ್ನಾಗಿ ಮಾಡಿತು. ಗಂಟು ಮಾತ್ರ ಎರಡಕ್ಕೂ ಜಗ್ಗಲಿಲ್ಲ.

ಚಾಪೆಯ ಮೇಲೆ ಮಕಾಡೆ ಮಲಗಿ ಬಲಿ ಚಕ್ರವರ್ತಿಯ ಬಗ್ಗೆ ಯೋಚಿಸಿದೆ. ನಮ್ಮ ಕಾಸರಗೋಡಿಗೆ ಅವನು ವರ್ಷಕ್ಕೆ ಎರಡು ಸಲ ಬರುತ್ತಾನೆ: ಓಣಕ್ಕೆ ಮಲಯಾಳಿಗಳ ಮಾವೇಲಿಯಾಗಿ, ದೀಪಾವಳಿಗೆ ತುಳುವರ ಬಲೀಂದ್ರನಾಗಿ. ವಾಮನನ ಪಾದ ಅವನನ್ನು ಪಾತಾಳಕ್ಕೆ ತುಳಿಯಿತೆಂದು ಎಲ್ಲರೂ ಮರುಗುತ್ತಾರೆ. ರಾಜ್ಯಭಾರ ಹೊತ್ತ ಆ ಹೆಗಲಿನಲ್ಲೂ ಒಂದು ಗಂಟು ಇದ್ದಿರಬಹುದಲ್ಲ? ತುಳಿಸಿಕೊಂಡು ಹಾಯೆನಿಸಿದ್ದರಿಂದಲೇ ವರ್ಷ ವರ್ಷವೂ ನಗುತ್ತಾ ಬರುತ್ತಾನೋ ಏನೋ. ಆದರೆ ಅಲ್ಲಿ ಒಂದು ಅನುಕೂಲವಿತ್ತು: ಬಲಿ ವಾಮನನಿಗೆ ಪಾಠ ಹೇಳಿದವನಲ್ಲ.

ತಟ್ಟನೆ ಎದ್ದು ಕೂತೆ. "ನಿನ್ನ ಕಳರಿಗೆ ಹೊಸಬರು ಸೇರುವಾಗ ಎಂತ ಕೊಡುವುದು?"

"ವೀಳ್ಯದೆಲೆ, ಅಡಿಕೆ. ದಕ್ಷಿಣೆ ಅಂತ."

"ಅವರ ಬೆನ್ನಿಗೆ ಕಾಲು ತಾಗಿಸಬಹುದಾ?"

"ಅದು ಗುರುಕ್ಕಳ ಕಾಲಲ್ವಾ. ತಾಗಿಸದಿದ್ರೆ ಅವರಿಗೇ ಬೇಜಾರು."

ಎಣ್ಣೆ ಮೈಗೆ ಅಂಗಿ ಸಿಕ್ಕಿಸಿಕೊಂಡು ರಸ್ತೆಯಾಚೆಯ ಗೂಡಂಗಡಿಗೆ ಹೋದೆ. ಎಲೆ ಅಡಿಕೆ ತಂದು, ಅವನ ಮುಂದೆ ನಿಂತು, ಎರಡೂ ಕೈಯಲ್ಲಿ ನೀಡಿದೆ. ಬಲಗೈ ಎದೆಯ ಮಟ್ಟಕ್ಕಾದರೂ ಬರುತ್ತಿತ್ತು, ದೇವರ ದಯೆ. ಅಶ್ರಫ್ ಬೆಪ್ಪಾದ. ನೀಡಿದ ದಕ್ಷಿಣೆಯನ್ನು ತಿರಸ್ಕರಿಸುವ ಹಾಗಿಲ್ಲ, ಅದು ಅವನ ವಿದ್ಯೆಯ ಕಟ್ಟು. ಎರಡೂ ಕೈ ಒಡ್ಡಿ ತೆಗೆದುಕೊಂಡ.

"ನೀವು ಭಾರೀ ಮೋಸದವರು ಮಾಷ್ಟ್ರೇ."

"ಮಾಷ್ಟ್ರಲ್ಲ, ಶಿಷ್ಯ. ಬೇಗ ಹತ್ತಿ ಗುರುಕ್ಕಳೇ, ಶಾಲೆ ಶುರುವಾಗ್ಲಿಕ್ಕೆ ಎರಡು ದಿನ ಉಂಟು."

ಅಂಗಿ ಕಳಚಿ ಮತ್ತೆ ಮಕಾಡೆ ಮಲಗಿದೆ. ಅವನು ನೆಲ ಮುಟ್ಟಿದ, ನನ್ನ ಹೆಗಲು ಮುಟ್ಟಿದ, ಬೆರಳನ್ನು ಕಣ್ಣಿಗೊತ್ತಿಕೊಂಡ. ಹಗ್ಗ ಕಿರ್ ಎಂದಿತು. ಮೊದಲು ಹಿಮ್ಮಡಿ, ಆಮೇಲೆ ಇಡೀ ಅಂಗಾಲು, ಗಂಟಿನ ಮೇಲೆ ಮಗು ನಿದ್ದೆಗೆ ಜಾರಿದಷ್ಟು ನಿಧಾನವಾಗಿ ಇಳಿಯಿತು. ಒಳಗೆ ಏನೋ ಕರಗಿ ಮೊಣಕೈವರೆಗೆ ಬಿಸಿಯಾಗಿ ಹರಿಯಿತು.

"ಭಾರ ಆಯ್ತಾ?" ಮೇಲಿನಿಂದ ಕೇಳಿದ.

"ಆಗಲೇ ಹೇಳಿದ್ದೆನಲ್ಲ."

ಇಬ್ಬರೂ ನಕ್ಕೆವು. ಹಗ್ಗ ಹಿಡಿದು ನಗುವುದು ಕಷ್ಟ, ಅಡಿಯಲ್ಲಿ ಮಲಗಿ ನಗುವುದು ಇನ್ನೂ ಕಷ್ಟ. ಗಂಟು ಬಿಟ್ಟದ್ದು ಕಾಲಿಗೋ ನಗೆಗೋ, ಅದನ್ನೂ ನಾನು ಆಣೆಯಿಟ್ಟು ಹೇಳಲಾರೆ.

ರಜೆ ಮುಗಿದ ದಿನ ಹಲಗೆಯ ತುತ್ತತುದಿಯಲ್ಲಿ ತಾರೀಕು ಬರೆದೆ. ಹಿಂದಿನವರು ಬೆಂಚಿನಿಂದ ಇಳಿದರು. ಡ್ರಿಲ್ ಮಾಷ್ಟ್ರ ಪುಣ್ಯ ಕದ್ದೆನೆಂಬ ಅಳುಕು ಈಗ ಇಲ್ಲ. ಅಶ್ರಫನನ್ನು ನಾನು ಬೆನ್ನ ಮೇಲೆ ಹೊತ್ತದ್ದು ನಿಜ. ಸ್ವಲ್ಪ ತಡವಾಗಿ ಹೊತ್ತೆ, ಅಷ್ಟೆ.