ಪುಕ್ಕಲನಿಗೆ ಗಂಟಲು ಕೊಟ್ಟ ಕಿರುಚಕ್ಕ

ಸಂಪಾದಕರು "ಅನಿಮೆ ಅಂದ್ರೆ ಗೊತ್ತಲ್ಲ?" ಎಂದಾಗ ನಾನು ತಲೆಯಾಡಿಸಿಬಿಟ್ಟೆ. ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬೇಕು, ತಲೆಯಾಡಿಸಲು ಕತ್ತು ಸಾಕು. ಅಂದಿನ ದಿನಚರಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ: "ಈ ಪದವೀಧರೆ ಇದುವರೆಗೆ ಒಪ್ಪಿಕೊಂಡದ್ದೆಲ್ಲ ಕತ್ತಿನಿಂದಲೇ. ಹೀಗೇ ಬಿಟ್ಟರೆ ಒಂದು ದಿನ ಮದುವೆಯೂ ಆಗಿಹೋದೀತು."

ಆ ತಪ್ಪಿಗೆ ಬೆಳಗಿನ ಐದೂವರೆಗೆ ಒಂದು ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಿದ್ದೇನೆ. ಕೆಳಗಿನಿಂದ ಯಾರೋ ಪ್ರಾಣ ಹೋಗುವಂತೆ ಕಿರುಚುತ್ತಾರೆ. ನಾನು ಗೋಡೆಗೆ ಅಂಟಿಕೊಳ್ಳುತ್ತೇನೆ. ಬಾಗಿಲು ತೆರೆಯುತ್ತದೆ. ಐವತ್ತು ದಾಟಿದ, ಗುಂಡುಮುಖದ ಹೆಂಗಸೊಬ್ಬರು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಳ್ಳುತ್ತ, "ಬಾಮ್ಮ, ಬಾ. ಈಗಷ್ಟೇ ಬಾವಿಗೆ ಬಿದ್ದೆ. ನೀನೂ ಒಂದ್ಲೋಟ ಕುಡೀತೀಯಾ?" ಎನ್ನುತ್ತಾರೆ.

ಇವರೇ ಕಿರುಚಕ್ಕ, ನಾನು ಪತ್ರಿಕೆಯಲ್ಲಿ ಪರಿಚಯಿಸಬೇಕಾದವರು. ಹೊರದೇಶದ ಅನಿಮೆಗಳು, ಅಂದರೆ ಬರೆದ ಚಿತ್ರಗಳೇ ಓಡಾಡಿ ಮಾತಾಡುವ ಸರಣಿಗಳು, ನಮ್ಮ ಭಾಷೆಗೆ ಬರುವಾಗ ಅವುಗಳೊಳಗೆ ಬೀಳುವವರು, ಸಾಯುವವರು, ದೆವ್ವ ಕಂಡು ಬೆಚ್ಚುವವರು ಎಲ್ಲರಿಗೂ ಇವರದೇ ಗಂಟಲು. ಅನಿಮೆಯನ್ನು ಕಾರ್ಟೂನ್ ಎಂದರೆ ಇವರ ಮೊಮ್ಮಗ ಎರಡು ದಿನ ಮಾತು ಬಿಡುತ್ತಾನಂತೆ. ಆದ್ದರಿಂದ ನಾನೂ ಹುಷಾರಾಗಿದ್ದೇನೆ.

ಸ್ಟುಡಿಯೋ ಎಂದರೆ ಹಳೆಯ ರಜಾಯಿಗಳನ್ನು ಗೋಡೆಗೆ ಹೊಡೆದ ಒಂದು ಕೋಣೆ, ನಡುವೆ ಗಾಜು, ಗಾಜಿನಾಚೆ ಮೈಕು. ಮೇಲಿನ ಮಹಡಿಯಲ್ಲಿ ಕಬ್ಬಿಣದ ಗೇಟು ಮಾಡುವ ಕಾರ್ಖಾನೆ. ಒಂಬತ್ತಕ್ಕೆ ಅಲ್ಲಿ ಸುತ್ತಿಗೆ ಬಿದ್ದರೆ ಇಲ್ಲಿ ಎಂಥ ದೆವ್ವವಾದರೂ ಬಾಯಿ ಮುಚ್ಚಬೇಕು. ಹಾಗಾಗಿ ಸಾಯುವವರೆಲ್ಲ ಒಂಬತ್ತರೊಳಗೆ ಸತ್ತು ಮುಗಿಸುತ್ತಾರೆ. ಸಾಧಾರಣ ಬೆಳಗೊಂದಕ್ಕೆ ನಲವತ್ತು ಕಿರುಚಾಟ, ಹನ್ನೆರಡು ಏದುಸಿರು, ಮೂರು ಬೀಳುವಿಕೆ, ಒಂದು ಮುಳುಗಡೆ. "ಒದೆ ತಿನ್ನೋದು ಲೆಕ್ಕಕ್ಕಿಲ್ಲ," ಎನ್ನುತ್ತಾರೆ ಕಿರುಚಕ್ಕ, ಬಳೆ ಬಿಚ್ಚಿ ಚೀಲಕ್ಕೆ ಹಾಕುತ್ತ. ಮೈಕಿನ ಮುಂದೆ ಬಳೆ, ಗಡಿಯಾರ, ಚಪ್ಪಲಿ, ಖಾಲಿ ಹೊಟ್ಟೆ ಯಾವುದೂ ಇರಬಾರದು. "ಹಿಂದೊಂದು ಅನಿಮೇಲಿ ಗುಹೆಯೊಳಗಿನ ದೆವ್ವ ಗುರ್‍ರ್ ಅನ್ನತ್ತಲ್ಲ, ಅದು ನನ್ನ ಹೊಟ್ಟೆ. ಅವತ್ತು ತಿಂಡಿ ತಿಂದಿರ್ಲಿಲ್ಲ. ಡೈರೆಕ್ಟ್ರು ಚೆನ್ನಾಗಿದೆ ಅಂತ ಇಟ್ಕೊಂಡ್ಬಿಟ್ರು."

ಮೊದಲು ಇವರು ಹಲ್ಲಿನ ಆಸ್ಪತ್ರೆಯೊಂದರಲ್ಲಿ ಟೋಕನ್ ನಂಬರು ಕೂಗುತ್ತಿದ್ದರು. ಬಾಗಿಲ ಬಳಿ ಕೂಗಿದರೆ ಎದುರು ಬೀದಿಯ ಅಂಗಡಿಯವನು "ಇಪ್ಪತ್ತಾರು ಬಂದ್ರಾ?" ಎಂದು ವಿಚಾರಿಸುತ್ತಿದ್ದನಂತೆ. ದವಡೆ ಹಿಡಿದುಕೊಂಡು ಕುಳಿತಿದ್ದ ಸ್ಟುಡಿಯೋದವನೊಬ್ಬ ಆ ಗಂಟಲಿಗೆ ಮರುಳಾದ. "ಹಲ್ಲು ಕೀಳಿಸ್ಕೊಳ್ಳೋಕೆ ಬಂದೋನು ನನ್ನ ಕಿತ್ಕೊಂಡ್ಹೋದ," ಎಂದು ನಗುತ್ತಾರೆ. ಆಮೇಲಿನ ಹದಿನೆಂಟು ವರ್ಷ ಪೂರ್ತಿ ವಾಕ್ಯ ಸಿಕ್ಕಿದ್ದು ಒಂದೇ ಸಲ. "'ಅಯ್ಯೋ', 'ಅಮ್ಮಾ', ಅಷ್ಟರಲ್ಲಿ ಸಾವು. ಒಂದ್ಸಲ 'ಯಾರಾದ್ರೂ ಕಾಪಾಡಿ' ಸಿಕ್ತು ನೋಡು, ಅವತ್ತು ಮನೇಲಿ ಸಿಹಿ ಮಾಡಿದ್ದೆ."

ಮನೆಯಲ್ಲಿ ಅಭ್ಯಾಸ ದಿಂಬಿನೊಳಗೆ. ಈ ಕೆಲಸಕ್ಕೆ ಹೊಸದಾಗಿ ಬಂದ ದಿನಗಳಲ್ಲಿ ಬಚ್ಚಲಿನಲ್ಲಿ ಅಭ್ಯಾಸ ಮಾಡಿ, ಪಕ್ಕದ ಮನೆಯವರು ಚಿಲಕ ಒಡೆದು ಒಳಗೆ ನುಗ್ಗಿದ್ದುಂಟು. ದರ್ಜಿ ಕೆಲಸದ ಗಂಡ ಮಾತ್ರ ನಿರಾಳ. "ಬೇರೆ ಹೆಂಡ್ತೀರು ಮನೇಲಿ ಕಿರುಚ್ತಾರೆ, ಹೊರಗೆ ಮೆತ್ತಗೆ ಇರ್ತಾರೆ. ನಮ್ಮವಳು ಉಲ್ಟಾ. ಸ್ಟಾಕ್ ಉಳಿಸ್ತಾಳೆ," ಎಂದು ಸೂಜಿಗೆ ದಾರ ಪೋಣಿಸುತ್ತಾರಂತೆ.

ಹತ್ತೊಂಬತ್ತನೇ ವರ್ಷ ಅದೃಷ್ಟ ಖುಲಾಯಿಸಿತು. ಭೂತ ಬೇಟೆಗಾರರ ಒಂದು ಅನಿಮೆಯ ಮುಖ್ಯ ಪಾತ್ರ, ಹದಿಮೂರರ ಹುಡುಗ, ಇವರ ಪಾಲಿಗೆ ಬಂತು. ಮೂಲ ಹೆಸರು ಯಾರ ನಾಲಿಗೆಗೂ ಹೊರಳದೆ ಸ್ಟುಡಿಯೋದಲ್ಲಿ ಅವನಿಗೆ 'ಪುಕ್ಕಲ' ಎಂದೇ ಹೆಸರು. ಅವನ ಅಂಗೈಯಲ್ಲಿ ದೆವ್ವವನ್ನು ಸುಡುವ ಬೆಂಕಿಯಿದೆ, ಎದೆಯಲ್ಲಿ ಧೈರ್ಯವಿಲ್ಲ. ಮೊದಲ ಸಂಪುಟದ ಆರು ಕಂತು ಎಂದರೆ ಈ ಹುಡುಗ ಓಡುವುದನ್ನು ಬಿಟ್ಟು ನಿಲ್ಲಲು ಕಲಿಯುವ ಕಥೆ.

ಕಿರುಚಕ್ಕ ತಮ್ಮ ಸಂಭಾಷಣೆಯ ಹಾಳೆಗಳನ್ನು ನನ್ನ ತೊಡೆಯ ಮೇಲೆ ಹರಡುತ್ತಾರೆ. ಪ್ರತಿ ಕಂತಿನ ಮೇಲೂ ಪೆನ್ಸಿಲ್ಲಿನಲ್ಲಿ ಒಂದು ಪುಟ್ಟ ಮನುಷ್ಯಾಕೃತಿ, ಅದರ ಮೈಮೇಲೆ ಎಲ್ಲೋ ಒಂದು ಚುಕ್ಕೆ. ಒಂದನೇ ಕಂತಿನಲ್ಲಿ ಚುಕ್ಕೆ ಮೊಣಕಾಲಲ್ಲಿ. ಎರಡರಲ್ಲಿ ಹೊಟ್ಟೆಯಲ್ಲಿ. ಮೂರರಲ್ಲಿ ಗಂಟಲಲ್ಲಿ. ಆರನೆಯದರಲ್ಲಿ ಬೆರಳತುದಿಯಲ್ಲಿ.

"ಇದೇನು?" ಎಂಬಂತೆ ನೋಡುತ್ತೇನೆ.

"ಭಯ. ಭಯ ಎಲ್ಲೂ ಹೋಗಲ್ಲ ಮಗಳೇ, ಜಾಗ ಬದಲಾಯಿಸತ್ತೆ ಅಷ್ಟೇ. ಮೊಣಕಾಲಲ್ಲಿದ್ರೆ ಓಡ್ತೀವಿ. ಗಂಟಲಿಗೆ ಬಂದ್ರೆ ನಿಲ್ತೀವಿ, ಮಾತು ಹೊರಡಲ್ಲ. ಬೆರಳತುದಿಗೆ ಬಂತಾ, ಆಮೇಲೆ ಕೆಲಸ ಮಾಡ್ಬೋದು. ಎಲ್ಲಿದೆ ಅಂತ ಗೊತ್ತಾದ್ರೆ ದನಿ ತಾನಾಗೇ ಬರತ್ತೆ."

ಆಸೆಯೇನು ಎಂದು ಕೇಳಬೇಕೆಂದು ನನ್ನ ಪ್ರಶ್ನೆಗಳ ಪಟ್ಟಿಯಲ್ಲಿದೆ. ಕೇಳುವ ಮೊದಲೇ ಅವರೇ ಹೇಳುತ್ತಾರೆ. "ಆರು ಕಂತಲ್ಲೂ ಅವನು ಒಂದ್ಸಲಾನೂ ನಕ್ಕಿಲ್ಲ. ಎರಡನೇ ಸಂಪುಟದಲ್ಲಿ ನಗ್ತಾನಂತೆ. ಹತ್ತೊಂಬತ್ತು ವರ್ಷದಲ್ಲಿ ಮೈಕ್ ಮುಂದೆ ನಾನೂ ನಕ್ಕಿಲ್ಲ. ಆ ನಗು ನಂಗೇ ಸಿಗ್ಲಿ ಅಂತ."

ಎಂಟೂವರೆ. ಮೂರನೇ ಕಂತಿನ ಕೊನೆಯ ದೃಶ್ಯ. ಒಂಬತ್ತಕ್ಕೆ ಇದು ಚಾನೆಲ್ಲಿಗೆ ಹೋಗಬೇಕು. ಹಗ್ಗದಂಥ ಕೂದಲಿನ ದೆವ್ವ ಪುಕ್ಕಲನ ಅಕ್ಕನನ್ನು ಸುತ್ತಿಕೊಂಡಿದೆ. ಓಡಿಹೋಗಿದ್ದ ಪುಕ್ಕಲ ಮರಳಿ ಬಂದು ಎದುರು ನಿಂತಿದ್ದಾನೆ. ಎರಡೇ ಪದದ ಮಾತು.

"ಅಕ್ಕನ್ನ ಬಿಡು!"

ಗಾಜು ಝುಂ ಎನ್ನುತ್ತದೆ. ನಿರ್ದೇಶಕರು ಕುರ್ಚಿಯಿಂದ ಚಿಮ್ಮುತ್ತಾರೆ. ವಯಸ್ಸಿನಲ್ಲಿ ಕಿರುಚಕ್ಕನ ಮಗನಂತಿರುವವರು. "ಅಕ್ಕಾ! ಇದು! ಇದೇ ಬೇಕಿತ್ತು! ಸೀಟಿ ಬೀಳತ್ತೆ ಸೀಟಿ!"

ಕಿರುಚಕ್ಕ ಹೆಡ್‌ಫೋನ್ ತೆಗೆದು, ಅನ್ನದಲ್ಲಿ ಕಲ್ಲು ಸಿಕ್ಕವರಂತೆ ಮುಖ ಮಾಡುತ್ತಾರೆ. "ತಪ್ಪಾಯ್ತು ಡೈರೆಕ್ಟ್ರೇ. ಜಾಹೀರಾತಿಗೆ ಬೇಕು ಅಂತ ಹೋದ ವಾರ ಆರನೇ ಕಂತು ಮೊದ್ಲು ಮಾಡಿಸಿದ್ರಲ್ಲ, ಆ ಹುಡುಗ ಇನ್ನೂ ಮೈಮೇಲಿದ್ದಾನೆ. ಮೂರಕ್ಕೆ ನುಗ್ಗಿಬಿಟ್ಟ."

"ನುಗ್ಲಿ ಬಿಡಿ. ಬೇಗ ಬಂದಿದ್ದಾನೆ, ಒಳ್ಳೇದೇ."

"ಈಗ್ಲೇ ಧೈರ್ಯ ಬಂದ್ರೆ ಉಳಿದ ಮೂರು ಕಂತು ಏನ್ ಮಾಡ್ತಾನೆ? ಕಾಲು ಚಾಚ್ಕೊಂಡು ಕಡ್ಲೇಕಾಯಿ ತಿಂತಾನಾ? ಚಿತ್ರ ನೋಡಿ, ಹಲ್ಲು ಕಟಕಟ ಅಂತಿದೆ. ಹಲ್ಲೊಂದು ಹೇಳತ್ತೆ, ಗಂಟಲೊಂದು ಹೇಳತ್ತೆ."

"ಹಲ್ಲು ಯಾರು ನೋಡ್ತಾರೆ ಅಕ್ಕ! ಜನಕ್ಕೆ ಹೀರೋ ಬೇಕು, ಅಳುಬುರುಕ ಅಲ್ಲ. ಹೀಗೇ ಹಟ ಹಿಡಿದ್ರೆ ಎರಡನೇ ಸಂಪುಟಕ್ಕೆ ಬೇರೆ ಗಂಟಲು ಹುಡುಕ್ಬೇಕಾಗತ್ತೆ. ಆಮೇಲೆ ಬೇಜಾರು ಮಾಡ್ಕೋಬಾರ್ದು."

ಸೌಂಡ್ ಎಂಜಿನಿಯರ್ ತಮ್ಮ ಕೀಲಿಮಣೆಯನ್ನು ಮೊದಲ ಬಾರಿ ಕಂಡವರಂತೆ ನೋಡುತ್ತಾರೆ. ಕಿರುಚಕ್ಕ ಬಿಸಿನೀರು ಗುಟುಕರಿಸಿ, ಲೋಟ ಕೆಳಗಿಡುತ್ತಾರೆ.

"ಹುಡುಕಿ ಡೈರೆಕ್ಟ್ರೇ. ಇದೊಂದನ್ನ ಮಾತ್ರ ಸರಿಯಾಗಿ ಹೇಳಿಬಿಡ್ತೀನಿ. ಪಾಪ, ಆ ಹುಡುಗ ವಾಪಸ್ ಬಂದಿದ್ದಾನೆ."

ಕಣ್ಣು ಮುಚ್ಚುತ್ತಾರೆ. ಬೆರಳೊಂದನ್ನು ಗಂಟಲ ಗುಳಿಗೆ ಒತ್ತಿಕೊಳ್ಳುತ್ತಾರೆ. "ಅಕ್ಕನ್ನ..." ದನಿ ಸಿಕ್ಕಿಕೊಳ್ಳುತ್ತದೆ. ಉಗುಳು ನುಂಗಿದ್ದು ಕೇಳಿಸುತ್ತದೆ. "...ಬಿಡು." ಕೊನೆಯ ಅಕ್ಷರ ಇತ್ತೋ ಇಲ್ಲವೋ ಎಂಬಷ್ಟು ಸಣ್ಣದು. ಐವತ್ಮೂರರ ಹೆಂಗಸು ಗಾಜಿನಾಚೆ ಎಲ್ಲೂ ಕಾಣುವುದಿಲ್ಲ. ಅಲ್ಲೊಬ್ಬ ಹುಡುಗ, ಕಾಲು ಕಿತ್ತು ಓಡಬಹುದಾಗಿದ್ದರೂ ಓಡದೆ ನಿಂತಿರುವವನು.

ಎಂಜಿನಿಯರ್ ಎರಡನ್ನೂ ಒಂದರ ಹಿಂದೊಂದು ಕೇಳಿಸುತ್ತಾರೆ. ಮೇಲೆ ಕಾರ್ಖಾನೆಯ ಶಟರ್ ಎತ್ತುವ ಸದ್ದು. ನಿರ್ದೇಶಕರು ಗಡಿಯಾರ ನೋಡಿ, "ಏನಪ್ಪಾ, ಯಾವ್ದು?" ಎನ್ನುತ್ತಾರೆ.

"ನಂಗೆ ಲೆವೆಲ್ ಸರಿಯಿದ್ರೆ ಆಯ್ತು ಸಾರ್," ಎನ್ನುತ್ತಾರೆ ಎಂಜಿನಿಯರ್, ಹೆಂಡತಿ ಮತ್ತು ತಾಯಿಯ ನಡುವೆ ಬದುಕಿ ಪಳಗಿದವರಂತೆ.

ನಿರ್ದೇಶಕರ ಕುರ್ಚಿ ನನ್ನ ಕಡೆ ತಿರುಗುತ್ತದೆ. "ನೋಡಿ ಮೇಡಂ, ಇಲ್ಲಿ ಹೊರಗಿನವ್ರು ನೀವೊಬ್ರೇ. ಮನೇಲಿ ಕೂತು ನೋಡೋರೂ ನಿಮ್ಮಂಥವ್ರೇ. ಯಾವ್ದು?"

ಕಿರುಚಕ್ಕ ನನ್ನತ್ತ ನೋಡುತ್ತಿಲ್ಲ. ಚೀಲದಿಂದ ಬಳೆ ತೆಗೆದು ಒಂದೊಂದಾಗಿ ಏರಿಸಿಕೊಳ್ಳುತ್ತಿದ್ದಾರೆ. ಮೊದಲನೆಯದು ಎಂದರೆ ಎಲ್ಲರಿಗೂ ಸಲೀಸು.

"ಎರಡನೇದು," ಎನ್ನುತ್ತೇನೆ.

"ಯಾಕೆ? ಕಾರಣ ಹೇಳಿ, ಅದನ್ನೇ ಕಳಿಸ್ತೀನಿ."

"ಮೊದಲನೇದು ಕೇಳಿದಾಗ ಅವನು ಗೆಲ್ತಾನೆ ಅಂತ ಗೊತ್ತಾಗೋಯ್ತು, ಸಾರ್. ಇನ್ನು ನಾನ್ಯಾಕೆ ನೋಡ್ಬೇಕು? ಎರಡನೇದು ಕೇಳಿದಾಗ ಗೊತ್ತಾಗ್ಲಿಲ್ಲ. ನಂಗೂ ಹೆದರಿಕೆ ಆಯ್ತು. ಆದ್ರೂ ಹೋಗಿ ಅವನ ಪಕ್ಕ ನಿಂತ್ಕೋಬೇಕು ಅನ್ನಿಸ್ತು."