ಎಣ್ಣೆ ಹಚ್ಚಿ ಎರೆದ ಮೋಟಾರ್ ಸೈಕಲ್

ಮೋಟಾರ್ ಸೈಕಲ್ಲಿಗೆ ಎಣ್ಣೆ ಹಚ್ಚಿ, ಬಿಸಿನೀರು ಎರೆದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ನೀವೆಲ್ಲ ಅಂಗಡಿಯವನ ಕೈಗೆ ಕೀಲಿ ಕೊಟ್ಟು ಚಹಾ ಕುಡಿಯಲು ಹೋಗುವ ಮಂದಿ. ನಮ್ಮ ಮನೆಯಲ್ಲಿ ಮಾತ್ರ ಬಾಣಂತಿಗೆ ಎರೆದ ಹಾಗೆ ಎರೆದೆವು. ಫೋನಿನಲ್ಲಿ ಟೈಪ್ ಮಾಡುವುದನ್ನು ಮೊನ್ನೆ ಮೊನ್ನೆ ಕಲಿತಿದ್ದೇನೆ, ಒಂದಕ್ಷರ ಒತ್ತಿದರೆ ಪಕ್ಕದ ಅಕ್ಷರ ಬರುತ್ತದೆ. ಆದರೂ ಇದನ್ನು ಬರೆಯದೆ ಬಿಡುವವಳಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾನು ಧಾರವಾಡದ ಕೆಲಗೇರಿ ರಸ್ತೆಯ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ನಾನು, ನನ್ನ ಗಂಡ, ಮೂರೇ ಜನ. ಗಂಡ ಸಂತೆಯಿಂದ ಸಂತೆಗೆ ಕುಪ್ಪಸದ ಖಣ ಮಾರುತ್ತಿದ್ದರು. ಗಂಟು ಹೊತ್ತು ಬಸ್ಸಿಗೆ ಕಾಯುವುದು ಸಾಕಾಗಿ, ಬೇಸಿಗೆಯ ಒಂದು ದಿನ ಹುಬ್ಬಳ್ಳಿಗೆ ಹೋದವರು ಎತ್ತಿನ ಗಾಡಿಯ ಹಿಂದೆ ಹಗ್ಗ ಕಟ್ಟಿಸಿ ಒಂದು ಮೋಟಾರ್ ಸೈಕಲ್ ಎಳೆಸಿಕೊಂಡು ಬಂದರು. ಮಿಲಿಟರಿಯವರು ಮಾರಿ ಹೋದದ್ದಂತೆ. ಹತ್ತಿ ಗೋದಾಮಿನ ಹಿಂದೆ ಮಳೆ ಬಿಸಿಲಿಗೆ ಬಿದ್ದಿತ್ತಂತೆ. ಪಕ್ಕಕ್ಕೆ ಒಬ್ಬರು ಕೂಡುವಂಥ ತೊಟ್ಟಿಲು ಬೇರೆ. ಅದರೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ಹುಬ್ಬಳ್ಳಿಯಿಂದ ನಮ್ಮ ಅಂಗಳದವರೆಗೆ ಎದ್ದಿರಲಿಲ್ಲ, ಪುಣ್ಯಾತಗಿತ್ತಿ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುತ್ತ ಒಂದು ಸುತ್ತು ಹಾಕಿದರು. "ಕೋಳಿಗೆ ಜೀವ ಐತಿ. ಇದಕ್ಕ ಐತೇನೋ ತಮ್ಮಾ?" ಎಂದು ಮಗನನ್ನು ಕೇಳಿದರು.

"ಪಂಚಮಿಯೊಳಗ ಓಡಸ್ತೇನಿ ನೋಡವ್ವಾ," ಎಂದರು ಇವರು.

ಪಂಚಮಿ ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು. ನಾಗರ ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಅಣ್ಣ ಗಾಡಿ ಕಟ್ಟಿಕೊಂಡು ಕರೆಯಲು ಬರಬೇಕು, ಅವ್ವ ಉಂಡಿ ಕಟ್ಟಿರಬೇಕು, ಜೋಕಾಲಿ ಕಟ್ಟಿರಬೇಕು. ಹಿಂದಿನ ವರ್ಷ ಅತ್ತೆಗೆ ಜ್ವರ ಬಂದು ನಾನು ಹೋಗಿರಲಿಲ್ಲ. ಅವ್ವ ನನ್ನ ಪಾಲಿನ ಉಂಡಿಗಳನ್ನು ಬೂಸಲು ಹಿಡಿಯುವವರೆಗೂ ಡಬ್ಬಿಯಲ್ಲಿ ಇಟ್ಟಿದ್ದಳೆಂದು ಅಣ್ಣ ಬಂದಾಗ ಹೇಳಿದ್ದ. ಈ ವರ್ಷ ಅವನದೊಂದು ಎತ್ತು ಕುಂಟುತ್ತಿತ್ತು. ಬೇರೆಯವರ ಎತ್ತು ಕೇಳೋಣವೆಂದರೆ ಪಂಚಮಿ ಎಲ್ಲರ ಹೊಲದಲ್ಲೂ ಎಡೆ ಹೊಡೆದು ಕಳೆ ತೆಗೆಯುವ ಹೊತ್ತು. ಈ ಮೋಟಾರಿನಲ್ಲೇ ತವರಿಗೆ ಹೋಗಲೇ ಎಂದು ನಾನು ಧೈರ್ಯ ಮಾಡಿ ಅತ್ತೆಯನ್ನು ಕೇಳಿದೆ.

"ಮನಿ ಗಾಡಿಯೊಳಗ, ಗಂಡನ ಜೋಡಿ ಹೋದ್ರ ನಂದೇನ ತಕರಾರಿಲ್ಲ," ಎಂದರು ಅವರು. "ಅದು ಗಾಡಿ ಆದ್ರ."

ಅಷ್ಟೇ ಸಾಕಿತ್ತು. ನನ್ನ ತವರೂರು ಅಮ್ಮಿನಬಾವಿಯಿಂದ ಪೇಟೆಗೆ ಬಂದವರ ಕೈಯಲ್ಲಿ ಅಣ್ಣನಿಗೆ ಹೇಳಿಕಳಿಸಿದೆ: ಗಾಡಿ ಕಟ್ಟಬ್ಯಾಡ, ನಾ ಮೋಟಾರದಾಗ ಬರ್ತೇನಿ.

ಆಮೇಲೆ ಕೆಲಸಕ್ಕೆ ಬಿದ್ದೆವು. ಕೋಳಿ ಪಕ್ಕದ ಮನೆಯ ಚಾಚಾರ ಹಿತ್ತಲಿಗೆ ಹೋಯಿತು. ಚಾಚಾ ಸೈಕಲ್ಲು, ನೀರೆತ್ತುವ ಎಂಜಿನ್ನು ರಿಪೇರಿ ಮಾಡುವವರು. ಎಂಜಿನ್ ಬಿಚ್ಚಿ ಜೋಡಿಸಿದ್ದು ಅವರೇ. ಮೈ ತೊಳೆದದ್ದು ನಾವು. ನಮಗೆ ಗೊತ್ತಿದ್ದದ್ದು ಪಾತ್ರೆ ತಿಕ್ಕುವ ವಿದ್ಯೆ. ಕೆಸರು, ಕೋಳಿಯ ಹಿಕ್ಕೆ, ಗಟ್ಟಿಯಾದ ಗ್ರೀಸು ಎಲ್ಲಕ್ಕೂ ತೆಂಗಿನ ನಾರು, ಬೂದಿ. ಹಿತ್ತಾಳೆ, ತಾಮ್ರ ಕಂಡಲ್ಲೆಲ್ಲ ಹುಣಸೆಹಣ್ಣು. ಪೆಟ್ರೋಲ್ ಟಾಕಿಯೊಳಗೆ ತುಕ್ಕು ಹಿಡಿದಿತ್ತು. ಚಾಚಾ ಹೇಳಿದಂತೆ ಅದರೊಳಗೆ ಒಂದು ಬೊಗಸೆ ಸಣ್ಣ ಹರಳುಕಲ್ಲು ಹಾಕಿ, ಈ ಕಡೆ ನಾನು ಆ ಕಡೆ ಇವರು ಹಿಡಿದು ಅಲುಗಾಡಿಸಿದೆವು. ಗಂಡ ಹೆಂಡತಿ ಹಗಲು ಹೊತ್ತಿನಲ್ಲಿ ಎದುರುಬದುರು ನಿಂತು ನಗುವುದಕ್ಕೆ ಆಗ ಬೇರೆ ನೆಪವೇ ಇರಲಿಲ್ಲ. ಟಾಕಿ ಸ್ವಚ್ಛವಾದ ಮೇಲೂ ನಾವು ಇನ್ನಷ್ಟು ಹೊತ್ತು ಅಲುಗಾಡಿಸಿದೆವು.

ಅತ್ತೆ ಕಟ್ಟೆಯ ಮೇಲಿಂದ, "ಸಾಕ್ರೋ, ತೂತ ಬಿದ್ದೀತು!" ಎಂದರು.

ತೊಳೆದದ್ದಾಯಿತು. ಇನ್ನು ಕೀಲುಗಳಿಗೆ, ಸರಪಳಿಗೆ ಎಣ್ಣೆ ಬೇಕು. ಹಿಡಿಕೆಯಿಂದ ಎಂಜಿನ್ನಿಗೆ ಹೋಗುವ ತಂತಿಗಳಿಗೂ ಬೇಕು. ಅವು ಸಣ್ಣ ಕೊಳವೆಯೊಳಗೆ ಸರಿದಾಡುವ ತಂತಿಗಳು. ಹಿಡಿಕೆ ತಿರುವಿದರೆ ತಂತಿ ಜಗ್ಗಿ ಎಂಜಿನ್ ಜೋರಾಗುತ್ತದೆ, ಬಿಟ್ಟರೆ ಹಿಂದೆ ಸರಿದು ನಿಧಾನವಾಗುತ್ತದೆ. ಮಷೀನಿನ ಎಣ್ಣೆ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಚಾಚಾ ಚಕ್ರದ ಟ್ಯೂಬು ಹುಡುಕಲು ಹುಬ್ಬಳ್ಳಿಗೆ ಹೋದವರು ಅಲ್ಲೇ ಮಗಳ ಮನೆಯಲ್ಲಿ ಉಳಿದಿದ್ದರು.

"ಮನ್ಯಾಗ ಕೊಡ ತುಂಬ ಕುಸುಬಿ ಎಣ್ಣಿ ಇಟಗೊಂಡು ಪೇಟಿ ಯಾಕ ಹುಡುಕ್ತೀರಿ?" ಎಂದರು ಅತ್ತೆ.

ನಮ್ಮ ಮನೆಯಲ್ಲಿ ಎಲ್ಲಕ್ಕೂ ಕುಸುಬಿ ಎಣ್ಣೆಯೇ. ಒಗ್ಗರಣೆಗೆ ಅದು, ಕದದ ತಿರುಗಣಿಗೆ ಅದು, ಅತ್ತೆಯ ಮೊಣಕಾಲಿಗೆ ಅದು. ಅವರು ಮಣೆ ಹತ್ತಿ ನಿಂತು, ತೂಗುಬಿಟ್ಟ ತಂತಿಗಳ ಕೊಳವೆಯೊಳಗೆ ತುಪ್ಪದ ಮಿಳ್ಳಿಯಿಂದ ಸಣ್ಣಗೆ ಎಣ್ಣೆ ಬಿಟ್ಟರು. ಉಳಿದದ್ದನ್ನು ಗಾಡಿಯ ಮೈಗೆಲ್ಲ ಸವರಿ, ಮರುದಿನ ಬಿಸಿನೀರು ಎರೆದು ಒರೆಸಿ, ದೃಷ್ಟಿ ತೆಗೆದರು. ಗಾಡಿ ಫಳಫಳ ಹೊಳೆಯುತ್ತ ಟ್ಯೂಬಿಗಾಗಿ ಕಾಯುತ್ತ ನಿಂತಿತು. ಬೇಸಿಗೆ ಕಳೆದು ಮಳೆ ಹಿಡಿಯಿತು.

ಚಾಚಾ ಟ್ಯೂಬು ತಂದು ಹಾಕುವ ಹೊತ್ತಿಗೆ ಶ್ರಾವಣ ಬಂದಿತ್ತು. ಪಂಚಮಿ ಇನ್ನೇನು ಮುಂದಿತ್ತು. ಇವರು ಒದ್ದರು, ಮತ್ತೆ ಒದ್ದರು, ಎಂಜಿನ್ ಕೆಮ್ಮಿ ಎದ್ದಿತು. ಖುಷಿಯಲ್ಲಿ ಹಿಡಿಕೆ ತಿರುವಿದರು. ಅದು ತಿರುಗಿದ್ದು ತಿರುಗಿದಲ್ಲೇ ಉಳಿಯಿತು. ಗಾಡಿ ಒಂದೇ ಸಮನೆ ಒದರತೊಡಗಿತು. ಚಾಚಾರ ಕೋಳಿ ಗೋಡೆ ಹಾರಿತು. ಅತ್ತೆ ಲಟ್ಟಣಿಗೆ ಹಿಡಿದು ಹೊರಗೆ ಬಂದರು. ಚಾಚಾ ಯಾವುದೋ ವಾಯರು ಕಿತ್ತಾಗ ಸುಮ್ಮನಾಯಿತು.

ಚಾಚಾ ತಂತಿಯ ತುದಿ ಮುಟ್ಟಿ ನೋಡಿದರು. ಬೆರಳು ಅಂಟಿಕೊಂಡಿತು. "ಯಾ ಅಲ್ಲಾ! ಇದಕ್ಕ ಗೋಂದ್ ಹಾಕೀರೇನವಾ ಬೇಟಿ?"

"ಕುಸುಬಿ ಎಣ್ಣಿ, ಚಾಚಾ."

"ಎಣ್ಣಿ ಒಣಗಿ ಎಲ್ಲಾ ತಂತಿ ಹಿಡಕೊಂಡಾವು. ಹೊಸಾವು ಪುಣೆದಿಂದ ಬರಬೇಕು. ಪಂಚಮಿ ಆದಮ್ಯಾಗಿನ ಮಾತು ಅದು."

ನಾನು ಒಳಗೆ ಹೋಗಿ ರೊಟ್ಟಿ ತಟ್ಟಲು ಕೂತೆ. ಗಾಡಿ ಕಟ್ಟಬೇಡ ಎಂದು ಹೇಳಿಕಳಿಸಿದವಳು ನಾನೇ. ಅವ್ವ ಈ ಸಲವೂ ಡಬ್ಬಿಯ ಮುಚ್ಚಳ ತೆಗೆದು ನೋಡುವಳು, ಮುಚ್ಚುವಳು. ರೊಟ್ಟಿ ಹರಿದುಹೋದವು.

ಅತ್ತೆ ಬಾಗಿಲಲ್ಲಿ ನಿಂತು ನನ್ನ ಹರಿದ ರೊಟ್ಟಿ ನೋಡಿದರು. ಅಂಗಳಕ್ಕೆ ಹೋಗಿ ತಂತಿಯನ್ನು ಉಗುರಿನಿಂದ ಕೆರೆದು ಮೂಸಿದರು. "ಅಯ್ಯ, ಇದಾ? ಇದು ಕರಿಯೋ ಕಡಾಯಿ ತಳದಾಗ ಕೂಡೋ ಜಿಗಟ! ದೀಪಾವಳಿ ಆದಮ್ಯಾಲೆ ನಾ ಪ್ರತಿ ವರ್ಷ ತಗೀತೇನಿ. ಹಂಡೇದ ಬುಡಕ ಉರಿ ಹಾಕ."

ಹಂಡೆಯಲ್ಲಿ ಬೂದಿನೀರು ಕುದಿಯಿತು. ಚಾಚಾ ಬಿಚ್ಚಿಕೊಟ್ಟ ತಂತಿಗಳನ್ನು ಚಕ್ಕಲಿಯ ಹಾಗೆ ಸುತ್ತಿ ಅದರೊಳಗೆ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಕಂದು ಬಣ್ಣದ ಜಿಗಟು ಮೇಲೆ ತೇಲಿತು. ಒಂದು ತುದಿ ನಾನು, ಇನ್ನೊಂದು ತುದಿ ಅತ್ತೆ ಹಿಡಿದು ಹಿಂದೆ ಮುಂದೆ ಜಗ್ಗಿದೆವು. ಮೊದಲು ಅಲುಗಾಡಲೇ ಇಲ್ಲ. ಆಮೇಲೆ ಮೊಸರು ಕಡೆಯುವ ಹಗ್ಗದಂತೆ ಸರಾಗವಾಗಿ ಓಡಿತು. ಮತ್ತೆ ತೊಳೆದು, ಒಲೆಯ ಪಕ್ಕ ಒಣಗಿಸಿದೆವು. ಈ ಸಲ ಚಾಚಾ ಒಣಗಿ ಅಂಟದ ಔಡಲೆಣ್ಣೆ, ಎಂದರೆ ಹರಳೆಣ್ಣೆ, ಬಿಡಿಸಿದರು. ಚಕ್ಕಡಿಯ ಅಚ್ಚಿಗೆ ಹಾಕುತ್ತಾರಲ್ಲ, ಅದೇ.

ಪಂಚಮಿಯ ಹಿಂದಿನ ದಿನ ಮುಂಜಾನೆ ಹೊರಟೆವು. ನಾನು ತೊಟ್ಟಿಲಿನಲ್ಲಿ, ತೊಡೆಯ ಮೇಲೆ ಅತ್ತೆ ಕಟ್ಟಿದ ಉಂಡಿಯ ಡಬ್ಬಿ.

"ಈ ಸಲ ಹೋಗಲಿಲ್ಲಂದ್ರ ನಿಮ್ಮವ್ವ ನನ್ನ ಹೆಸರಿಲೇ ಬೈತಿದ್ಲು," ಎಂದು ಅತ್ತೆ ಡಬ್ಬಿಯ ಮುಚ್ಚಳ ಇನ್ನೊಮ್ಮೆ ಒತ್ತಿ ಕೂರಿಸಿದರು.

ದಾರಿಯುದ್ದಕ್ಕೂ ಎಣ್ಣೆಯ ಹೊಗೆ ನನ್ನ ಕಡೆಗೇ. ಎರೆಮಣ್ಣಿನ ಕೆಸರು ಹಾರಿದ್ದೂ ನನ್ನ ಕಡೆಗೇ. ಹೊಲದಲ್ಲಿ ಎಡೆ ಹೊಡೆಯುವವರು ಎತ್ತು ನಿಲ್ಲಿಸಿ ನೋಡಿದರು. ಇವರು ಹಿಡಿಕೆ ಬಿಟ್ಟಾಗಲೆಲ್ಲ ಗಾಡಿ ಹೇಳಿದ ಮಾತು ಕೇಳಿ ನಿಧಾನವಾಗುತ್ತಿತ್ತು. ನಾನು ಪ್ರತಿ ಸಲವೂ ಮನಸ್ಸಿನಲ್ಲೇ ಅತ್ತೆಗೆ ಕೈಮುಗಿದೆ.

ಅವ್ವ ಸಪ್ಪಳ ಕೇಳಿ ಹೊಸ್ತಿಲಿಗೆ ಬಂದಿದ್ದಳು. ನಾನು ತೊಟ್ಟಿಲಿನಿಂದ ಜಿಗಿದು, "ನೋಡಬೇ ಅವ್ವಾ, ಗಾಡಿ ಹೆಂಗ ಹೊಳೀತೈತಿ! ಎಣ್ಣಿ ಹಚ್ಚಿ ಎರದೀವಿ," ಎಂದೆ.

ಅವ್ವ ಗಾಡಿಯನ್ನು ನೋಡಿದಳು. ಮಸಿ ಮೆತ್ತಿದ ನನ್ನ ಮುಖವನ್ನು ನೋಡಿದಳು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಗಾಡಿಗೆ ಎರದು ಸೊಸಿನ್ನ ಹಂಗ ಕಳಿಸ್ಯಾಳೇನ ನಿಮ್ಮತ್ತಿ? ನಡಿ ಬಚ್ಚಲಕ್ಕ!" ಎಂದಳು.